ಗೆಜ್ಜೆ ಹಿಡಿದು ಕೇಳಿದವನು

ನನಗೆ ಸಂಗೀತ ತಿಳಿಯದು. ತಿಳಿಯದು ಅನ್ನುವುದೂ ದೊಡ್ಡ ಮಾತಾಯಿತು. ಮದುವೆ ಮನೆಯಲ್ಲಿ ನಾಗಸ್ವರ ಊದುತ್ತಿದ್ದರೆ ಎಲೆ ಹಾಕಿದರೋ ಇಲ್ಲವೋ ಎಂದು ಒಳಗಡೆ ಇಣುಕಿ ನೋಡುವವರ ಪೈಕಿ ನಾನು. ಅಂಥವನು ಹಾಡು ಕೇಳುವವನೊಬ್ಬನ ಬಗ್ಗೆ ಬರೆಯಲು ಕೂತಿದ್ದೇನೆ, ಯಾಕೆಂದರೆ ಬೇರೆ ಯಾರೂ ಬರೆಯುವುದಿಲ್ಲ. ರನ್ನರ್ ಚಿಕ್ಕತಿಮ್ಮಯ್ಯನ ಹೆಸರು ಮಡಕಶಿರದ ಟಪಾಲು ಕಚೇರಿಯ ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಆ ಕಚೇರಿಯಲ್ಲಿ ನಾನು ಗುಮಾಸ್ತೆ. ಮದ್ರಾಸಿನ ಕಾಗದ, ಕಲೆಕ್ಟರರ ಕಾಗದ, ಮಗನಿಂದ ತಂದೆಗೆ, ಅಳಿಯನಿಂದ ಮಾವನಿಗೆ, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ರತ್ನಗಿರಿ ಕಡೆಯ ಟಪಾಲು ಚೀಲವನ್ನು ಅರ್ಧ ದಾರಿಯವರೆಗೆ ಇನ್ನೊಬ್ಬ ರನ್ನರ್ ತರುತ್ತಿದ್ದ. ಅಲ್ಲಿಂದ ಮಡಕಶಿರಕ್ಕೆ ತರುವವನು ತಿಮ್ಮಯ್ಯ. ನಸುಕಿನಲ್ಲಿ ಹೊರಟು, ಹಿಂದೂಪುರದ ಬಸ್ಸು ಬಿಡುವ ಮುಂಚೆ ಚೀಲವನ್ನು ನನ್ನ ಮೇಜಿನ ಮೇಲೆ ಹಾಕಬೇಕು. ಮಧ್ಯಾಹ್ನ ಇಲ್ಲಿಯ ಚೀಲ ಹೊತ್ತು ಅದೇ ದಾರಿಯಲ್ಲಿ ವಾಪಸು. ಹೆಗಲ ಮೇಲೆ ಗೆಜ್ಜೆ ಕಟ್ಟಿದ ಕೋಲು. ದಾರಿಯುದ್ದಕ್ಕೂ ಗೆಜ್ಜೆ ಸದ್ದು ಮಾಡುತ್ತಿರಬೇಕು, ರನ್ನರ್ ಎಲ್ಲೂ ನಿಲ್ಲಬಾರದು, ಇದು ಇಲಾಖೆಯ ಕಟ್ಟಪ್ಪಣೆ.

ಓದು ಬರಹ ಬಾರದ ಆ ಮನುಷ್ಯನಿಗೆ ಇದ್ದದ್ದು ಎರಡೇ, ಕಾಲು ಮತ್ತು ಕಿವಿ. ಹಾಡುವವರನ್ನು ಅವನು ಹಾಡುಗಾರರು ಅನ್ನುತ್ತಿರಲಿಲ್ಲ, ‘ಗಂಟಲು’ ಅನ್ನುತ್ತಿದ್ದ. ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಾ, ಇವತ್ತು ಒಂದು ಹೊಸ ಗಂಟಲು ಸಿಕ್ಕಿತು ಸ್ವಾಮಿ ಎಂದನೆಂದರೆ ನನ್ನ ಬೆಳಗು ಕೆಟ್ಟಿತು ಅಂತಲೇ ಲೆಕ್ಕ. ಕಾಫಿ ಹೋಟೆಲಿನವನು ಗ್ರಾಮಫೋನಿಗೆ ಹೊಸ ಪ್ಲೇಟು ತಂದ ದಿನ ತಿಮ್ಮಯ್ಯ ಬೀದಿಯಲ್ಲೇ ನಿಂತು ಕೇಳಿ, ಇದು ಹೋದ ವರ್ಷದ ಹೆಂಗಸೇ, ಹೆಸರು ಬದಲಾಯಿಸಿ ಹಾಡಿದ್ದಾಳೆ ಎಂದು ತೀರ್ಪು ಕೊಡುತ್ತಿದ್ದ. ಹೋಟೆಲಿನವನು ಪ್ಲೇಟಿನ ಮೇಲಿನ ಅಕ್ಷರ ತೋರಿಸಿ ಜಗಳಕ್ಕೆ ಬೀಳುತ್ತಿದ್ದ. ಒಂದು ಸಲ ಅತ್ತೆ ಸತ್ತಳೆಂದು ರಜೆ ಪಡೆದು, ರೈಲು ಹತ್ತಿ ಇಳಿದು ರಾಯದುರ್ಗಕ್ಕೆ ಹೋಗಿ, ಅಲ್ಲಿಂದ ನಡೆದು ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ ಒಬ್ಬ ಭಜನೆಯವನನ್ನು ಕೇಳಿ ಬಂದ. ವಾರವೆಲ್ಲ ಆ ಕಡೆಯವರ ಹಾಗೆ ‘ಹೌದ್ರಿ’, ‘ಬರ್ರಿ’ ಎಂದು ನನ್ನ ತಲೆ ತಿಂದ. ಅವನ ಅತ್ತೆ ಅಷ್ಟರಲ್ಲಾಗಲೇ ನನ್ನ ರಿಜಿಸ್ಟರಿನಲ್ಲಿ ಎರಡು ಸಲ ಸತ್ತಿದ್ದಳು.

ಕೇಳಿ ಸುಮ್ಮನಿರುವ ಚಪಲ ಅವನದಲ್ಲ. ಕೇಳಿದ್ದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುತ್ತ ಹಾಡುತ್ತಿದ್ದ ಕೂಲಿಯ ಸುಂಕಮ್ಮನನ್ನು ಮೊದಲು ಕೇಳಿದವನು ಇವನೇ. ಶಾಲೆಯ ಮೇಷ್ಟ್ರ ಬೆನ್ನು ಹತ್ತಿ ಅವರನ್ನು ಹೊಲದ ಬದುವಿಗೆ ಎಳೆದುಕೊಂಡು ಹೋದ. ರಾಮನವಮಿ ಪಾನಕದ ದಿನ ಸುಂಕಮ್ಮ ಚಪ್ಪರದ ಕೆಳಗೆ ನಿಂತು ಹಾಡಿ, ಒಂದು ಸೀರೆ ಉಡುಗೊರೆ ಪಡೆದಳು. ಅವಳ ಕಡೆಯವರೆಲ್ಲ ತಿಮ್ಮಯ್ಯನಿಗೆ ಕೈ ಮುಗಿದರು. ಗಂಟಲನ್ನು ಹೊಗಳಿದರೆ ಗಂಟಲಿಗೆ ಒಳ್ಳೆಯದಾಗುತ್ತದೆ ಎಂದು ಅವನು ಕಲಿತದ್ದು ಆವತ್ತು. ಕಲಿಯಬಾರದಿತ್ತು.

ಅದರ ಮಾರನೆಯ ವರ್ಷ ಮಾರ್ಗಶಿರದಲ್ಲಿ ಚೀಲ ತಡವಾಗಿ ಬರತೊಡಗಿತು. ಮೊದಲು ಐದು ನಿಮಿಷ, ಆಮೇಲೆ ಹತ್ತು. ಒಂದು ದಿನ ಬಸ್ಸೇ ತಪ್ಪಿತು. ನಾನು ಮೇಲಿನವರಿಗೆ ಬರೆಯುತ್ತೇನೆ ಎಂದು ಹೆದರಿಸಿದ ಮೇಲೆ ಅವನು ಬಾಯಿಬಿಟ್ಟ. ದಾರಿಯಲ್ಲಿ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ, ಆ ಮನೆಯವರು ಇದ್ದಾರೆ. ರಸ್ತೆಗೆ ಗೋಡೆ ತಗುಲಿದ ಹಾಗೆ ಗೋಪಣ್ಣನೆಂಬ ಅನುಕೂಲಸ್ಥ ರೈತನ ಮನೆ. ನಸುಕಿನಲ್ಲಿ ಅಲ್ಲಿ ರಾಗಿ ಬೀಸುತ್ತ ಒಂದು ಹೆಣ್ಣು ಹಾಡುತ್ತಾಳೆ, ಹೊಸ ಸೊಸೆ ಇರಬೇಕು, ಹೋದ ವರ್ಷ ಆ ಗಂಟಲು ಇರಲಿಲ್ಲ ಎಂದ. ಗೆಜ್ಜೆ ಸದ್ದಾದರೆ ಹಾಡು ಸರಿಯಾಗಿ ಕೇಳಿಸುವುದಿಲ್ಲವೆಂದು ಗೆಜ್ಜೆಗಳನ್ನೆಲ್ಲ ಮುಷ್ಟಿಯಲ್ಲಿ ಒತ್ತಿ ಹಿಡಿದು ಗೋಡೆ ಪಕ್ಕ ನಿಲ್ಲುತ್ತಿದ್ದನಂತೆ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವನು ಚೀಲ ಹೊತ್ತು ದಾರಿಯಲ್ಲಿ ನಿಂತದ್ದು ಅದೇ ಮೊದಲು. ಇಂಥ ಗಂಟಲನ್ನು ಗ್ರಾಮಫೋನಿನಲ್ಲೂ ಕೇಳಿಲ್ಲ, ನೇಮಕಲ್ಲಿನವನು ಇವಳ ಮುಂದೆ ಏನೂ ಅಲ್ಲ ಎನ್ನುವಾಗ ಅವನ ಕಣ್ಣಲ್ಲಿ ನೀರಿತ್ತು. ನಾನು ಅವನ ಕಣ್ಣು ನೋಡಲಿಲ್ಲ, ಗಡಿಯಾರ ತೋರಿಸಿದೆ.

ನಿಲ್ಲುವುದು ಬೇಡವೆಂದರೆ ಬೇಗ ಹೊರಡುತ್ತೇನೆ ಎಂದ. ಹಾಗೇ ಮಾಡಿದ. ಅರ್ಧ ಗಂಟೆ ಮುಂಚೆ ಎದ್ದು, ಆ ಗೋಡೆಯ ಬಳಿ ನಿಂತು ಕೇಳಿ, ಉಳಿದ ದಾರಿ ಓಡಿ, ಚೀಲವನ್ನು ಹೊತ್ತಿಗೆ ಸರಿಯಾಗಿ ತಂದು ಹಾಕುತ್ತಿದ್ದ. ಎರಡು ತಿಂಗಳು ಹೀಗೆ ನಡೆಯಿತು. ಅವಳ ಮುಖ ಅವನು ನೋಡಿದವನಲ್ಲ. ಹೆಸರು ಕದರಮ್ಮ ಎಂದು ಸುಂಕಮ್ಮನಿಂದ ತಿಳಿದುಕೊಂಡಿದ್ದ. ಸುಂಕಮ್ಮ ಆಗಾಗ ಗೋಪಣ್ಣನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಆ ಎರಡು ತಿಂಗಳು ತಿಮ್ಮಯ್ಯನಷ್ಟು ಸುಖವಾಗಿದ್ದ ಮನುಷ್ಯ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ.

ಸುಖ ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ವಾಪಸು ಹೋಗುವಾಗ ಗೋಪಣ್ಣ ಹಿಪ್ಪುನೇರಳೆ ತೋಟದ ಹತ್ತಿರ ಸಿಕ್ಕ. ತಿಮ್ಮಯ್ಯ ಕೋಲು ನೆಲಕ್ಕೂರಿ, ನಿಮ್ಮ ಸೊಸೆಯಂಥ ಗಂಟಲು ಮೂರು ತಾಲೂಕಿನಲ್ಲಿ ಇಲ್ಲ, ಮೇಷ್ಟ್ರಿಗೆ ಹೇಳಿ ರಾಮನವಮಿಗೆ ಹಾಡಿಸೋಣ ಎಂದ. ಸುಂಕಮ್ಮ ಹೊಲದಲ್ಲಿ ಹಾಡುವ ಕೂಲಿಯವಳು, ಇದು ಗೋಡೆಯೊಳಗಿನ ಸೊಸೆ ಎಂಬ ವ್ಯತ್ಯಾಸ ಅವನಿಗೆ ಹೊಳೆಯಲೇ ಇಲ್ಲ. ಅವನಿಗೆ ಎರಡೂ ಗಂಟಲೇ. ಗೋಪಣ್ಣ ಸಿಟ್ಟಾಗಲಿಲ್ಲ. ಏನು ಹಾಡುತ್ತಾಳೆ ಎಂದು ಮೆಲ್ಲಗೆ ಕೇಳಿದ. ತಿಮ್ಮಯ್ಯ ತನ್ನ ಒಡಕು ದನಿಯಲ್ಲಿ, ಅವಳ ರಾಗ ಒಂದಿಷ್ಟೂ ತಪ್ಪದ ಹಾಗೆ ಹಾಡಿ ತೋರಿಸಿದ.

“ಇನ್ನೊಂದ್ ಸಲ ಹೇಳು,” ಎಂದನಂತೆ ಗೋಪಣ್ಣ.

ತಿಮ್ಮಯ್ಯ ಹಿಗ್ಗಿಹೋದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ, ಮೊದಲಿಗಿಂತ ಚೆನ್ನಾಗಿ ಹಾಡಿದ.

ಮಾರನೆಯ ನಸುಕಿನಲ್ಲಿ ಆ ಗೋಡೆಯ ಬಳಿ ಗೆಜ್ಜೆ ಹಿಡಿದು ನಿಂತರೆ ಬೀಸುವ ಕಲ್ಲಿನ ಸದ್ದು ಮಾತ್ರ ಇತ್ತು. ಅದರ ಮಾರನೆಯ ದಿನವೂ ಅಷ್ಟೇ. ಕದರಮ್ಮನಿಗೆ ಜ್ವರವೇನೋ ಎಂದು ಅವನು ನನ್ನ ಮುಂದೆ ಒದ್ದಾಡಿದ. ಜ್ವರವಲ್ಲವೆಂದು ಸುಂಕಮ್ಮ ಬಂದು ಹೇಳಿದಳು. ಅತ್ತೆ ಓಬಳಮ್ಮ ಈಗ ಸೊಸೆ ಬೀಸುವಷ್ಟು ಹೊತ್ತೂ ಎದುರಿಗೇ ಕೂತಿರುತ್ತಾಳೆ, ತುಟಿ ಅಲ್ಲಾಡುವ ಹಾಗಿಲ್ಲ. ಮದುವೆಯ ದಿನ ಬೀಗರ ಪಂಕ್ತಿಗೆ ತುಪ್ಪ ಎರಡನೇ ಸಲ ಬರಲಿಲ್ಲವೆಂದು ಗೋಪಣ್ಣನ ಮನೆಯವರು ಸಿಟ್ಟಾಗಿ, ಆವತ್ತಿನಿಂದ ಅವಳನ್ನು ರತ್ನಗಿರಿಯ ತವರಿಗೆ ಕಳಿಸಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಕಳಿಸೋಣ ಎನ್ನುವವರೆಗೆ ಈಚೆಗೆ ಮೆತ್ತಗಾಗಿದ್ದರಂತೆ. ದಾರಿಯಲ್ಲಿ ಹೋಗುವ ಟಪಾಲಿನವನ ಬಾಯಲ್ಲಿ ಮನೆಯ ಮಾತು ಕೇಳಿದ ಮೇಲೆ ಅದೂ ಹೋಯಿತು.

ನಾನು ತಿಮ್ಮಯ್ಯನಿಗೆ ಚೆನ್ನಾಗಿ ಬೈದೆ. ಅಷ್ಟಕ್ಕೂ ಏನು ಹಾಡಿದೆಯೋ ಅವನೆದುರಿಗೆ ಎಂದು ಕೇಳಿದೆ. ಅವನು ಹಾಡಿದ. ಅವನಿಗೆ ರಾಗ ಗೊತ್ತಿತ್ತು. ಮಾತಿನ ಕಡೆ ಅವನ ಗಮನವೇ ಹೋಗಿರಲಿಲ್ಲ. ರಾಗ ತಿಳಿಯದ ನನಗೆ ಕೇಳಿಸಿದ್ದು ಮಾತು ಮಾತ್ರ.

“ಬೀಸಿದ ರಾಗಿ ನುಣ್ಣಗಾಯ್ತು, ಈ ಮನೆ ಮಾತು ನುಣ್ಣಗಾಗಲಿಲ್ಲ. ಕೋಟೆ ಕೆಳಗಳ ಹುಣಸೆಮರದವ್ವ, ಕಾಲು ಊದೈತಂತೆ ನಿಂಗೆ. ಗಾಡಿ ಕಟ್ಟಿಸವ್ವ, ಬಂದು ನೋಡ್ತೀನಿ.”

ಇದನ್ನೇ ಗೋಪಣ್ಣನ ಮುಂದೆ ಹಾಡಿದೆಯಾ, ಅದೂ ಎರಡೆರಡು ಸಲ ಎಂದು ನಾನು ತಲೆ ಚಚ್ಚಿಕೊಂಡೆ. ಆಗ ಅವನ ಮುಖ ಕಪ್ಪಿಟ್ಟಿತು. ತಾನು ಮಾಡಿದ್ದು ಏನೆಂದು ಅವನಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಆ ತಾಯಿಗೆ ಒಂದು ಕಾರ್ಡಾದರೂ ಬರೆಯೋಣವೇ ಸ್ವಾಮಿ ಎಂದು ಕೇಳಿದ. ನಾನು ಒಪ್ಪಲಿಲ್ಲ. ಬೀಸುವ ಹಾಡಿನಲ್ಲಿ ಎಲ್ಲ ಸೊಸೆಯರೂ ತವರು ನೆನೆಯುತ್ತಾರೆ, ಎಲ್ಲ ಅತ್ತೆಯರೂ ಕೆಟ್ಟವರೇ, ಅದನ್ನು ನಿಜವೆಂದು ಹಿಡಿದು ಕಂಡವರ ಮನೆಗೆ ಕಾಗದ ಬರೆದರೆ ನನ್ನ ಕೆಲಸಕ್ಕೆ ಕುತ್ತು ಎಂದೆ. ಹಾಡಿನಲ್ಲಿ ತವರು ಬರುತ್ತದೆ, ಅಣ್ಣ ಬರುತ್ತಾನೆ, ಮಲ್ಲಿಗೆ ಬರುತ್ತದೆ. ಯಾರ ಅವ್ವನ ಕಾಲೂ ಊದುವುದಿಲ್ಲ. ಅದು ನನಗೆ ಹೊಳೆಯಬೇಕಿತ್ತು.

ಯುಗಾದಿ ಮುಗಿದ ಮೇಲೆ ರತ್ನಗಿರಿ ಚೀಲದಲ್ಲಿ ಒಂದು ಕಾರ್ಡು ಬಂತು. ಮೂಲೆ ಹರಿದ ಕಾರ್ಡು. ಸಾವಿನ ಸುದ್ದಿಗೆ ಮೂಲೆ ಹರಿಯುವುದು ನಮ್ಮಲ್ಲಿ ರೂಢಿ, ಓದು ಬಾರದವರಿಗೂ ಮುಟ್ಟಿದ ಕೂಡಲೇ ತಿಳಿಯುತ್ತದೆ. ಪರರ ಕಾರ್ಡು ಓದಬಾರದೆಂಬ ನಿಯಮವೇನೋ ಇದೆ, ಓದದ ಗುಮಾಸ್ತೆಯನ್ನು ನಾನು ಕಂಡಿಲ್ಲ. ಗೋಪಣ್ಣನ ವಿಳಾಸ. ಕದರಮ್ಮನ ಸೋದರಮಾವ ಶಾನುಭೋಗರ ಕೈಲಿ ಬರೆಸಿದ್ದ. ಅಕ್ಕ ಸಣ್ಣಕ್ಕ ಕಾಲು ಊದಿಕೊಂಡು ಮಲಗಿದ್ದವಳು ಸೋಮವಾರ ತೀರಿಕೊಂಡಳು, ಕೊನೆಯವರೆಗೂ ಮಗಳು ಬಂದಳೇ ಎಂದು ಕೇಳುತ್ತಿದ್ದಳು, ನಿಮ್ಮ ಸಿಟ್ಟಿಗೆ ಹೆದರಿ ನಾವೂ ಗಾಡಿ ಕಳಿಸಲಿಲ್ಲ, ಇನ್ನಾದರೂ ತಿಥಿಗೆ ಕಳಿಸಿಕೊಡಿ ಎಂದಿತ್ತು. ಆ ಹಳ್ಳಿಗೆ ಪೋಸ್ಟ್‌ಮ್ಯಾನ್ ಹೋಗುವುದು ವಾರಕ್ಕೊಮ್ಮೆ. ಅಷ್ಟು ದಿನ ಕಾಯಿಸಬಾರದೆಂದು ನಿಯಮ ಬದಿಗಿಟ್ಟು ಕಾರ್ಡನ್ನು ತಿಮ್ಮಯ್ಯನ ಕೈಗೇ ಕೊಟ್ಟೆ. ಅವನು ಅದರ ಮೂಲೆಯನ್ನು ಬೆರಳಿಂದ ಮುಟ್ಟಿ ನೋಡಿದ. ಯಾರು ಎಂದು ಕೇಳಲಿಲ್ಲ.

ಅಲ್ಲಿ ನಡೆದದ್ದನ್ನು ಅವನು ಮಾರನೆಯ ಬೆಳಗ್ಗೆ ನನಗೆ ಹೇಳಿದ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಬಾಗಿಲಿಗೆ ಬಂದದ್ದು ಹದಿನೆಂಟರ ಹುಡುಗಿ, ಮುಂಗೈವರೆಗೆ ರಾಗಿ ಹಿಟ್ಟು. ಮಾವ ಇಲ್ಲ ಎಂದು ಅವಳು ಅಂದ ಕೂಡಲೇ ಅವನಿಗೆ ದನಿ ಗುರುತಾಯಿತು. ಅವಳು ಅವನ ಮುಖ ನೋಡಲಿಲ್ಲ, ಹೆಗಲ ಮೇಲಿನ ಕೋಲು ನೋಡಿದಳು. ಆಮೇಲೆ ಕಾರ್ಡನ್ನು ನೋಡಿದಳು. ಇಬ್ಬರಿಗೂ ಓದು ಬಾರದು, ಮೂಲೆ ಹರಿದದ್ದು ಇಬ್ಬರಿಗೂ ಕಾಣುತ್ತಿತ್ತು. ಅವಳು ಅಳಲಿಲ್ಲವಂತೆ. ಕಾರ್ಡನ್ನು ಎದೆಗೊತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಗೆಜ್ಜೆ ಸದ್ದು ನಿಂತ ಕೂಡ್ಲೆ ನೀನು ಗೋಡೆ ತಾವ ನಿಂತಿದೀಯ ಅಂತ ನಂಗೆ ಗೊತ್ತಾಗ್ತಿತ್ತು ಕಣಣ್ಣ,” ಎಂದಳು. “ನಿನ್ನ ಚೀಲ ರತ್ನಗಿರಿಗೆ ಹೋಗ್ತದೆ ಅಂತ ಗೊತ್ತಿತ್ತು. ನಂಗೆ ಬರೆಯಾಕೆ ಬರಲ್ಲ. ಅವ್ವಂಗೆ ಮುಟ್ಟಿಸ್ತೀಯ ಅಂತ ದಿನಾ ಅದೇ ಹಾಡ್ತಿದ್ದೆ.”

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಷ್ಟನ್ನೂ ಹೇಳಿ ಮುಗಿಸಿ ತಿಮ್ಮಯ್ಯ ನನ್ನ ಮೇಜಿನ ಪಕ್ಕ ನೆಲದ ಮೇಲೆ ಕೂತ. ತಲೆ ಎತ್ತದೆ ಕೇಳಿದ.

“ನೀವೂ ಮಾತು ಕೇಳಿಸ್ಕಂಡ್ರಿ ಅಲ್ವಾ ಸ್ವಾಮಿ?”

ಕೇಳಿಸಿಕೊಂಡಿದ್ದೆ. ಅವನಿಗಾದರೂ ರಾಗದ ಮರುಳಿತ್ತು, ನನಗೆ ಯಾವ ನೆಪವೂ ಇರಲಿಲ್ಲ. ಒಂದು ಕಾರ್ಡು, ಎರಡು ಸಾಲು, ಕೋಟೆ ಕೆಳಗಿನ ಹುಣಸೆಮರದ ಮನೆ, ರತ್ನಗಿರಿ ಎಂದು ಬರೆದಿದ್ದರೆ ಸಾಕಿತ್ತು. ಮುಟ್ಟುತ್ತಿತ್ತು. ಜೀವಮಾನವೆಲ್ಲ ಕಾಗದ ಮುಟ್ಟಿಸಿ ಸಂಬಳ ತಿಂದವನು ನಾನು, ಇದನ್ನು ನೆನೆದರೆ ಇವತ್ತಿಗೂ ಅನ್ನ ಸೇರುವುದಿಲ್ಲ.

ತಿಥಿಗೂ ಅವಳನ್ನು ಕಳಿಸಲಿಲ್ಲ. ತಿಮ್ಮಯ್ಯ ಆಮೇಲೆ ಹೊಸ ಗಂಟಲಿನ ಮಾತು ಎತ್ತಲಿಲ್ಲ. ಕಾಫಿ ಹೋಟೆಲಿಗೆ ಪ್ಲೇಟುಗಳು ಬಂದವು, ಅವನು ಬೀದಿಯ ಆಚೆ ಬದಿಯಲ್ಲಿ ನಡೆದುಹೋದ. ಯಾರೋ ದಾಸರು ಬಂದು ಮೂರು ದಿನ ಹರಿಕಥೆ ಮಾಡಿದರು. ಹೋಗಿ ಕೇಳಿ ಬಾರೋ ಎಂದು ನಾನೇ, ಈ ನಾನೇ, ರಜೆ ಕೊಡುತ್ತೇನೆಂದೆ. ಅತ್ತೆಗೆ ಹುಷಾರಿಲ್ಲ ಎಂದ.

ನಾಲ್ಕು ವರ್ಷದ ಮೇಲೆ ದಾರಿ ತಪಾಸಣೆಗೆಂದು ಒಂದು ನಸುಕು ನಾನು ಅವನ ಜೊತೆ ನಡೆದೆ. ಗೋಪಣ್ಣನ ಮನೆ ಹತ್ತಿರವಾಗುತ್ತಿದ್ದ ಹಾಗೆ ತಿಮ್ಮಯ್ಯ ನನ್ನನ್ನು ಕೇಳದೆಯೇ ಗೆಜ್ಜೆಗಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದ. ದಿನವೂ ಹೀಗೇ ಮಾಡುತ್ತಿದ್ದನೆಂದು ಆಗ ತಿಳಿಯಿತು. ಇಬ್ಬರೂ ಗೋಡೆಯ ಪಕ್ಕ ನಿಂತೆವು. ಒಳಗೆ ಅವಳು ಬೀಸುತ್ತಿದ್ದಳು. ಗೆಜ್ಜೆ ನಿಂತದ್ದು ಅವಳಿಗೂ ತಿಳಿದಿರಬೇಕು, ಕಲ್ಲು ಒಂದು ಗಳಿಗೆ ತಡೆದು ಮತ್ತೆ ತಿರುಗಿತು. ಜನ್ಮದಲ್ಲಿ ಮೊದಲ ಸಲ ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ. ಕಲ್ಲಿನ ಸದ್ದು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.