ಹಳದಿ ಚೀಟಿ

ನಮ್ಮ ಯಜಮಾನರ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಾಗ ಊರಲ್ಲೆಲ್ಲ ಸ್ಟಾಕಿನದೇ ಮಾತು. ಯಾರ ಮನೆಯ ಪಾರ್ಟಿಗೆ ಹೋದರೂ ಯಾವ ಕಂಪನಿ ಯಾವಾಗ ಐಪಿಒಗೆ ಹೋಗುತ್ತದೆ ಎಂಬ ಪುರಾಣ. ನಮ್ಮ ಮನೆಯಲ್ಲಿ ಮಾತ್ರ ಎಲ್ಲರ ಮನಸ್ಸಿನಲ್ಲೂ ಸೋಮವಾರ. ಬಯಾಪ್ಸಿ ರಿಪೋರ್ಟು ಅವತ್ತು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಚೀನೀ ಅಜ್ಜಿಯ ಸ್ನೇಹ ಮಾಡಿಕೊಂಡಿದ್ದರು. ಇವರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಅವರ ಇಂಗ್ಲಿಷೋ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಗಂಟೆಗಟ್ಟಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ವಿಷಯ ತಿಳಿದ ಅಜ್ಜಿ ಆ ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನ ತಮ್ಮ ಗುಡಿಗೆ ನಮ್ಮನ್ನು ಕರೆದರು. ನನಗೆ ಮನಸ್ಸಿರಲಿಲ್ಲ. ಗುರುತಿಲ್ಲದ ದೇವರನ್ನು ಏನೆಂದು ಬೇಡುವುದು?

"ದ್ಯಾವ್ರಿಗೇನು ಪಾಸ್‌ಪೋರ್ಟ್ ಐತಾ? ನಡಿಯವ್ವ," ಎಂದರು ಅತ್ತೆ.

ಗುಡಿ ಇದ್ದದ್ದು ಹಳೇ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ಇಬ್ಬರು ಒಟ್ಟಿಗೆ ಹತ್ತುವ ಹಾಗಿಲ್ಲ. ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಊದುಬತ್ತಿಯ ಹೊಗೆಗೆ ದೇವರ ಮುಖವೇ ಕಪ್ಪಿಟ್ಟಿತ್ತು, ಕಣ್ಣು ಮಾತ್ರ ನಮ್ಮನ್ನೇ ನೋಡುತ್ತಿತ್ತು. ನನಗೆ ಅಲ್ಲಿಂದ ಓಡಿಬಿಡುವಷ್ಟು ಭಯವಾಯಿತು.

ಬಾಗಿಲ ಬಳಿಯ ಮೇಜಿನ ಮೇಲೆ ಕೆಂಪು, ಹಳದಿ ಚೀಟಿಗಳಿದ್ದವು. ಹೆಸರು ಬರೆದು ಗೋಡೆಗೆ ಅಂಟಿಸಿದರೆ ಪೂಜೆಯಲ್ಲಿ ಓದುತ್ತಾರೆ ಎಂದು ಹೇಳಿ ಅಜ್ಜಿ ಊದುಬತ್ತಿ ಹಚ್ಚಲು ಹೋದರು.

"ನಮ್ ಅರ್ಚನೆ ಇದ್ದಂಗೆ," ಅತ್ತೆಗೆ ಖುಷಿಯಾಯಿತು. "ಆಸ್ಪತ್ರೆ ವಿಷ್ಯ, ಕೆಂಪು ಬ್ಯಾಡ ಕಣವ್ವ, ರಕ್ತದ್ ಬಣ್ಣ. ಅರಿಸ್ನದ್ದು ತಗೊ."

ಹಳದಿ ಚೀಟಿಯ ಮೇಲೆ ನಮ್ಮ ಯಜಮಾನರ ಹೆಸರು, ನಕ್ಷತ್ರ ಎರಡನ್ನೂ ಕನ್ನಡದಲ್ಲೇ ಬರೆದೆ. ಓದುವವರು ಯಾರೆಂದು ಅತ್ತೆ ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಹಳದಿ ಚೀಟಿಗಳೇ ತುಂಬಿದ್ದ ಗೋಡೆಗೆ ಅದನ್ನು ಅಂಟಿಸಿ ಕೈಮುಗಿದೆವು. ಆಮೇಲೆ ಕೆಳಗಿನ ಹಲಗೆಯ ಮೇಲೆ ಸಾಲಾಗಿಟ್ಟಿದ್ದ ಫೋಟೋಗಳು ಕಣ್ಣಿಗೆ ಬಿದ್ದವು. ಎಲ್ಲರೂ ವಯಸ್ಸಾದವರು. ಮುಂದೆ ಬಟ್ಟಲಲ್ಲಿ ಅನ್ನ.

ಅಷ್ಟರಲ್ಲಿ ಅಜ್ಜಿ ಬಂದರು. "ಇದು ನಿಮ್ಮ ಮಾವನವರ ಹೆಸರಾ?" ಎಂದು ಕೇಳಿದರು.

"ಅಲ್ಲ, ನನ್ನ ಗಂಡನದು."

ಅಜ್ಜಿ ನನ್ನ ತೋಳು ಹಿಡಿದುಕೊಂಡರು. ಬದುಕಿರುವವರಿಗೆ ಕೆಂಪು, ಹಳದಿ ಸತ್ತವರಿಗೆ ಎಂದರು.

ಚೀಟಿಯನ್ನು ಕಿತ್ತು ಹರಿದು ಬ್ಯಾಗಿಗೆ ತುರುಕಿದೆ. ಕೂಡಲೇ ಕೆಂಪು ಚೀಟಿ ಬರೆದು ಎದುರು ಗೋಡೆಗೆ ಅಂಟಿಸಿದೆ. ಅಜ್ಜಿ ಏನು ಹೇಳಿದರೆಂದು ಅತ್ತೆಗೆ ಹೇಳಲೇಬೇಕಾಯಿತು.

ಅತ್ತೆ ಅಳಲಿಲ್ಲ. "ಯಮನ್ ಕಡೆಯೋರ್ನ ಕರ್ದಾಯ್ತಲ್ಲವ್ವ. ಬಂದೋರು ಬರಿಗೈಲಿ ಹೋಗಾಕಿಲ್ಲ. ಅರಿಸ್ನದ್ ಚೀಟೀಲಿ ನನ್ ಹೆಸ್ರು ಬರಿ."

"ಸುಮ್ನಿರಿ ಅತ್ತೆ! ನಾನ್ ಬರೆಯಲ್ಲ," ಎಂದು ರೇಗಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದೆ.

ಅತ್ತೆ ಶಾಲೆಯ ಮುಖ ಕಂಡವರಲ್ಲ. ತಾಯಿ ಪಾಸ್‌ಪೋರ್ಟಿಗೆ ಹೆಬ್ಬೆಟ್ಟು ಒತ್ತುವುದು ಬೇಡವೆಂದು, ಹಿಂದಿನ ಸಲ ಊರಿಗೆ ಹೋದಾಗ ನಮ್ಮ ಯಜಮಾನರೇ ಹಟ ಹಿಡಿದು ಕೂರಿಸಿಕೊಂಡು, ಅವರ ಹೆಸರೊಂದನ್ನು ಮಾತ್ರ ಬರೆಯಲು ಕಲಿಸಿದ್ದರು. ಅತ್ತೆ ಇನ್ನೊಂದು ಹಳದಿ ಚೀಟಿ ಎಳೆದುಕೊಂಡು, ಪೆನ್ನು ಹಿಡಿದು, ಮಗ ಕಲಿಸಿದ ಹಾಗೆಯೇ ಒಂದೊಂದೇ ಅಕ್ಷರವನ್ನು ತಪ್ಪಿಲ್ಲದೆ ಬರೆದರು.