ಗೋವಿಂದ ತಾತನ ಹೊಸ ಚಪ್ಪಲಿ

ಕಾಲಿಗೆ ಚುಚ್ಚಿದ್ದು ಕಣ್ಣಿಗೆ ಮಾತ್ರ ಗೊತ್ತಾಗುತ್ತೆ, ಏನದು? ನಿಮಗೆ ಹೊಳೆಯಲ್ಲ ಬಿಡಿ.

ಸ್ಕೂಲು ಬಿಟ್ಟು ತಮಿಳು ಸೀಮೆಯ ಪೋರೂರಿನ ಚಪ್ಪಲಿ ಅಂಗಡಿ ಸೇರಿದ್ದೆ. ಕುಷ್ಠ ವಾಸಿಯಾದವರಿಗೆ ಅಲ್ಲಿ ಮೊಳೆ ಹೊಡೆಯದೆ ಮೆತ್ತನೆ ಚಪ್ಪಲಿ ಮಾಡುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ. ನನ್ನ ಹತ್ತಿರ ಕನ್ನಡ ಮಾತಾಡುತ್ತಿದ್ದ ಒಬ್ಬರೇ ಗಿರಾಕಿ ಗೋವಿಂದ ತಾತ. ಅವರು ಕುಣಿಯಲಿ ಅಂತ ಹೊಸ ಚಪ್ಪಲಿಯೊಳಗೆ ಜಲ್ಲಿಕಲ್ಲು ಇಟ್ಟೆ. ತಾತ ಕುಣಿಯಲೇ ಇಲ್ಲ, ಆರಾಮಾಗಿ ಬಸ್‌ಸ್ಟಾಪಿಗೆ ನಡೆದರು. ನನಗೇ ಗಾಬರಿಯಾಗಿ ಹಿಂದೆ ಓಡಿದೆ.

“ತಾತಾ, ಚಪ್ಪಲಿ ಬಿಚ್ಚಿ!”

“ಏನ್ಡಾ, ಅಳತೆ ತಪ್ಪಾ?”

ಬಿಚ್ಚಿದರೆ ಅಂಗಾಲೆಲ್ಲ ರಕ್ತ.

“ಅಡ ಪಾವಿ, ಪಾಪೀ! ಈ ಕಾಲಿಗೆ ನೋವೇ ತಿಳಿಯಲ್ಲ ಕಣೋ. ಹೋದ ಸಲದ ಹುಣ್ಣು ಮಾಯೋಕೆ ಒಂದು ವರ್ಷ ಹಿಡೀತು.”

ಆಮೇಲೆ ನನ್ನ ಕಿವಿ ಹಿಂಡಿ, ನಕ್ಕು, ಕ್ಷಮಿಸಿದರು.

ಕಿವಿ ಹಿಂಡಿದ್ದು, ನಕ್ಕಿದ್ದು, ಕ್ಷಮಿಸಿದ್ದು ಎಲ್ಲ ನಾನು ಕಟ್ಟಿದ ಕಥೆ. ತಾತ ಕಲ್ಲು ಕೊಡವಿ ಬಸ್ಸು ಹತ್ತಿದರು.