ಹೂಮಳೆ ಓಟ

ಆಲ್ದೂರಿನ ಪೇಟೆ ಮುಗಿಯುವಲ್ಲಿ, ಬಾಳೆಹೊನ್ನೂರು ರಸ್ತೆಯ ಬದಿಗೆ, ಜೀಪಿನ ಟಾಪು ಮತ್ತು ಸೀಟು ಹೊಲಿಯುವ ಒಂದು ಕುಶನ್ ಅಂಗಡಿಯಿದೆ. ಶಂಶುದ್ದೀನ್ ಸಾಹೇಬರು ಹಾಕಿದ ಅಂಗಡಿ. ಅವರಿಗೆ ಕಣ್ಣು ಮಸುಕಾದ ಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಮಗಳು ಶಬನಂ ಕೂತಳು. ಅಳತೆ ತೆಗೆಯುವುದು, ಸೀಟು ಬಿಚ್ಚಿ ಜೋಡಿಸುವುದು ಅಳಿಯ ಫಯಾಜನ ಪಾಲಿಗೆ ಬಂತು. ದಪ್ಪ ಕ್ಯಾನ್ವಾಸನ್ನು ಸೂಜಿಯ ಕೆಳಗೆ ತಳ್ಳಿ ತಳ್ಳಿ, ನಲವತ್ತು ದಾಟುವ ಹೊತ್ತಿಗೆ ಶಬನಂಗೆ ಬೆನ್ನು ಹಿಡಿದುಕೊಂಡಿತು. ಬೆಳಿಗ್ಗೆ ಎದ್ದು ನಡೆಯಬೇಕು ಎಂದರು ಡಾಕ್ಟರು.

ನಡೆದಳು. ಚಳಿಗಾಲದ ಒಂದು ಬೆಳಿಗ್ಗೆ, ಸಿಲ್ವರ್ ಓಕ್ ಮರಗಳ ನಡುವೆ ರಸ್ತೆ ಇಳಿಜಾರಾಗುವ ಕಡೆ, ನಡಿಗೆ ತಾನಾಗಿಯೇ ಓಟವಾಯಿತು. ಓಡಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಮಂಜು ದಟ್ಟವಾಗಿತ್ತು, ಮುಂದಿನ ತಿರುವು ಕಾಣುತ್ತಿರಲಿಲ್ಲ, ಕಾಲುಗಳು ಯಾರದೋ ಎಂಬಂತೆ ಹೋಗುತ್ತಿದ್ದವು. ಇಳಿಜಾರು ಮುಗಿದರೂ ಅವು ನಿಲ್ಲಲಿಲ್ಲ. ಮನೆಗೆ ಬಂದವಳ ಕೆನ್ನೆ ಕೆಂಪಾಗಿದ್ದುದನ್ನು ನೋಡಿ ಫಯಾಜ್ ಜ್ವರವೇ ಎಂದು ಕೇಳಿದ. "ಅಲ್ಲ, ಓಡಿದೆ," ಎಂದಳು. ಅವನು ಮುಂದಿನ ಸಲ ಫೋಮ್ ತರಲು ಚಿಕ್ಕಮಗಳೂರಿಗೆ ಹೋದಾಗ ಒಂದು ಜೊತೆ ಓಟದ ಬೂಟು ತಂದು ಮೆಷಿನ್ನಿನ ಪಕ್ಕ ಇಟ್ಟ.

ಅಂದಿನಿಂದ ಬೆಳಕು ಹರಿಯುವ ಮುಂಚೆ, ತಲೆಗೆ ದುಪಟ್ಟಾ ಬಿಗಿದು ಕಟ್ಟಿಕೊಂಡು ಅವಳು ಹೊರಡುತ್ತಿದ್ದಳು. ಪೇಟೆಯಲ್ಲಿ ಕೆಲವರು ನಕ್ಕರು, ಕೆಲವರು ಅವಳಪ್ಪನ ಹತ್ತಿರ ಬಂದು ಕೆಮ್ಮಿದರು. ಸಾಹೇಬರು ಮಾತ್ರ, "ಡಾಕ್ಟರು ಹೇಳಿದ ಔಷಧಿ ಅದು, ಕುಡಿಯೋದು ಬಿಟ್ರೆ ಆಗುತ್ತಾ," ಎಂದುಬಿಟ್ಟರು. ಎರಡು ವರ್ಷ ಕಳೆಯುವುದರೊಳಗೆ ಶಬನಂ ಚಿಕ್ಕಮಗಳೂರಿನ ಓಟಗಳಲ್ಲಿ ತನ್ನ ಅರ್ಧ ವಯಸ್ಸಿನ ಹುಡುಗಿಯರನ್ನು ಹಿಂದೆ ಹಾಕತೊಡಗಿದಳು. ಹಿಂದೆ ಹಾಕುವುದು ಅವಳಿಗೆ ಇಷ್ಟವಾಗುತ್ತಿತ್ತು. ಒಬ್ಬರ ಉಸಿರು ಮೊದಲು ಪಕ್ಕದಲ್ಲಿ ಕೇಳಿ, ಆಮೇಲೆ ಹಿಂದಾಗಿ, ಕಡೆಗೆ ಇಲ್ಲವಾಗುವುದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ರುಕ್ಮಿಣಮ್ಮ ಅವಳಿಗೆ ಗೆಳತಿಯಾದದ್ದು ಈ ಓಟದಿಂದಲೇ. ಊರ ಹೊರಗೆ ರಸ್ತೆಗೆ ತಾಗಿ ರುಕ್ಮಿಣಮ್ಮನ ಮೂರೆಕರೆ ಕಾಫಿ, ಎರಡು ಹಸು. ಜಾವಳಿಯಿಂದ ಮದುವೆಯಾಗಿ ಬಂದವರು. ಗಂಡ ವೆಂಕಟೇಶ ಮಾತು ಕಡಿಮೆಯ ಮನುಷ್ಯ, ಇವರು ಇಬ್ಬರ ಪಾಲಿನದನ್ನೂ ಆಡುತ್ತಿದ್ದರು. ಡೇರಿಗೆ ಹಾಲು ಹೊತ್ತು ಹೊರಟಾಗಲೆಲ್ಲ ಮಂಜಿನೊಳಗಿಂದ ಶಬನಂ ಬಂದು, ಮಂಜಿನೊಳಗೆ ಹೋಗುವುದನ್ನು ಕಂಡು, ಒಂದು ದಿನ ಅಡ್ಡ ನಿಂತು ಕೇಳಿದರು.

"ಯಾವ ಬಸ್ಸಿಗೆ ಮಾರಾಯ್ತಿ ದಿನಾ ಹಿಂಗೆ ಓಡೋದು ನೀನು?"

"ಬಸ್ಸಿಗಲ್ಲ ರುಕ್ಮಿಣಕ್ಕ, ಸುಮ್ನೆ."

"ಸುಮ್ನೆ ಓಡ್ತಾರಾ?"

ಆ ಪ್ರಶ್ನೆ ರುಕ್ಮಿಣಮ್ಮನನ್ನು ಬಿಡಲಿಲ್ಲ. ಮುಂದಿನ ದಿನಗಳಲ್ಲಿ ಶಬನಂ ಅವರ ಗೇಟಿನ ಹತ್ತಿರ ಎರಡು ನಿಮಿಷ ನಿಲ್ಲುವುದು, ಕಾಫಿ ಕುಡಿಯುವುದು ವಾಡಿಕೆಯಾಯಿತು. ಫೆಬ್ರವರಿಯ ಕೊನೆಯಲ್ಲಿ ಬೆಳೆಗಾರರ ಕ್ಲಬ್ಬಿನವರು ಹೂಮಳೆ ಓಟ ಎಂದು ಐದು ಕಿಲೋಮೀಟರಿನ ಒಂದು ಓಟ ಇಟ್ಟರು. ಮಳೆ ಬಿದ್ದು ಕಾಫಿ ಹೂವಾಗುವ ವಾರ ನೋಡಿಕೊಂಡು, ತೋಟಗಳ ಒಳಗಿನ ರಸ್ತೆಯಲ್ಲಿ, ಯಾರು ಬೇಕಾದರೂ ಓಡಬಹುದಾದ ಮೋಜಿನ ಓಟ. ಹೆಸರು ಕೊಟ್ಟು ಬಂದ ದಿನ ಶಬನಂ ಅದನ್ನು ಹೇಳಿದಳು. ರುಕ್ಮಿಣಮ್ಮ ಲೋಟ ಕೆಳಗಿಟ್ಟರು.

"ನನ್ನ ಹೆಸರೂ ಕೊಡು."

"ನಿಮ್ಮದಾ?"

"ನಾನೂ ಓಡಿದೀನಿ. ಹಸು ಹಗ್ಗ ಬಿಚ್ಕೊಂಡಾಗ ಓಡಿದೀನಿ. ಕಣದಲ್ಲಿ ಕಾಫಿ ಒಣಗ್ತಿರುವಾಗ ಮಳೆ ಬಂದ್ರೆ ಟಾರ್ಪಾಲ್ ಎಳೆಯೋಕೆ ಓಡಿದೀನಿ. ಏನೂ ಇಲ್ಲದೆ ಓಡಿಲ್ಲ. ಅದು ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು. ನೀನು ನನ್ನ ಜೊತೇಲೇ ಇರ್ತೀಯಲ್ಲ?"

ಶಬನಂ ಇರುತ್ತೇನೆ ಎಂದಳು. ಆ ಓಟವನ್ನು ಗೆಲ್ಲಬಲ್ಲೆ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಂದಾಗ ಇಡೀ ಆಲ್ದೂರು ಮಲ್ಲಿಗೆ ಮುಡಿದಂತೆ ಘಮಘಮಿಸುತ್ತಿತ್ತು. ರಾತ್ರಿ ಅರಳಿದ ಹೂವಿನ ವಾಸನೆ ಮಂಜಿನಲ್ಲಿ ಕೂಡಿಕೊಂಡು ಎಲ್ಲೂ ಹೋಗದೆ ನಿಂತಿತ್ತು. ರುಕ್ಮಿಣಮ್ಮ ಸೀರೆಯ ಮೇಲೆಯೇ ಕ್ಲಬ್ಬಿನವರು ಕೊಟ್ಟ ಟೀ ಶರ್ಟು ಹಾಕಿ, ನೆರಿಗೆ ಎತ್ತಿ ಸಿಕ್ಕಿಸಿ, ವೆಂಕಟೇಶರ ಕ್ಯಾನ್ವಾಸ್ ಬೂಟಿನ ತುದಿಗೆ ಬಟ್ಟೆ ತುರುಕಿ ತೊಟ್ಟು ಬಂದಿದ್ದರು. ಮೂಡಿಗೆರೆಯ ಕಾಲೇಜು ಹುಡುಗಿ ರೂಪಶ್ರೀ, ಹಿಂದಿನ ಓಟದಲ್ಲಿ ಶಬನಂಗಿಂತ ಕೂದಲೆಳೆಯಷ್ಟು ಹಿಂದೆ ಬಿದ್ದವಳು, ಹತ್ತಿರ ಬಂದು ನಕ್ಕಳು.

"ಆಂಟಿ, ಇವತ್ತು ನಿಮ್ಮನ್ನ ಬಿಡಲ್ಲ."

"ನಾನು ಇವತ್ತು ಇವರ ಜೊತೆ," ಎಂದಳು ಶಬನಂ. ರೂಪಶ್ರೀ ರುಕ್ಮಿಣಮ್ಮನ ಬೂಟನ್ನೊಮ್ಮೆ ನೋಡಿ, ಬೇಸರವಾದವಳಂತೆ ತಲೆಯಾಡಿಸಿ ಮುಂದಕ್ಕೆ ಹೋದಳು.

ಸೀಟಿ ಊದಿದರು. ಜನ ಮುಂದಕ್ಕೆ ಹರಿದುಹೋದರು. ಶಬನಂಳ ಕಾಲುಗಳು ಅವರ ಹಿಂದೆಯೇ ಎಳೆದವು, ಕಟ್ಟಿದ ಹಗ್ಗ ಎಳೆಯುವ ಕರುವಿನ ಹಾಗೆ. ಪಕ್ಕದಲ್ಲಿ ರುಕ್ಮಿಣಮ್ಮ ಮೊದಲ ತಿರುವಿಗೇ ಬಾಯಲ್ಲಿ ಉಸಿರಾಡುತ್ತಿದ್ದರು.

"ಮೆಲ್ಲಗೆ ಅಕ್ಕ. ಮಾತಾಡೋಕೆ ಆಗೋವಷ್ಟು ಮೆಲ್ಲಗೆ."

"ಮಾತಾಡದೆ ನಾನು ಯಾವತ್ತು ಇದ್ದೆ," ಎಂದರು ಅವರು, ತುಂಡು ತುಂಡಾಗಿ.

ಮುಂದಿನವರ ಕಾಲಿನ ಸದ್ದು ಮಂಜಿನಲ್ಲಿ ಕರಗಿತು. ಹಿಂದೆ ಉಳಿದಿದ್ದ ನಾಲ್ಕಾರು ಜನರೂ ಇವರನ್ನು ದಾಟಿದರು. ಒಬ್ಬೊಬ್ಬರು ದಾಟುವಾಗಲೂ ಶಬನಂಗೆ ಎದೆಯಲ್ಲಿ ಚುಳ್ಳೆನ್ನುತ್ತಿತ್ತು. ಆಮೇಲೆ ದಾಟುವವರು ಯಾರೂ ಉಳಿಯಲಿಲ್ಲ. ಅವಳಿಗೆ ಅದೊಂದು ವಿಚಿತ್ರ ನೆಮ್ಮದಿ ಎನ್ನಿಸಿತು.

ಎಸ್ಟೇಟಿನ ಒಳರಸ್ತೆಯಲ್ಲಿ ಒಂದು ಕಡೆ ದಾರಿ ಎರಡಾಗಿ ಒಡೆದಿತ್ತು. ನೆಲದ ಮೇಲೆ ಸುಣ್ಣದಲ್ಲಿ ಬರೆದ ಬಾಣದ ಗುರುತನ್ನು ಮುಂದೆ ಹೋದವರ ಕಾಲುಗಳು ಅಳಿಸಿದ್ದವು. ದಾರಿ ತೋರಿಸಲು ನಿಂತವನು, ಎಲ್ಲರೂ ಹೋದರೆಂದು ತಿಳಿದು ಹೊರಟುಹೋಗಿರಬೇಕು. ಶಬನಂ ಆ ತೋಟದೊಳಗೆ ಎಂದೂ ಬಂದವಳಲ್ಲ. ಎಡಕ್ಕೆ ಇಳಿಜಾರಿತ್ತು. ರುಕ್ಮಿಣಮ್ಮನ ಮುಖ ನೋಡಿ ಅವಳು ಎಡಕ್ಕೆ ತಿರುಗಿದಳು.

ಆ ದಾರಿ ಕಿರಿದಾಗುತ್ತಾ ಹೋಯಿತು. ಎರಡೂ ಕಡೆ ಗಿಡಗಳು ಹೂ ಹೊತ್ತು ಬಾಗಿದ್ದವು. ರೆಂಬೆ ಕಾಣುತ್ತಿರಲಿಲ್ಲ, ಎಲೆ ಕಾಣುತ್ತಿರಲಿಲ್ಲ, ಬಿಳಿ ಗೊಂಚಲು ಮಾತ್ರ, ಅದರ ಮೇಲೆ ಬಿಳಿ ಮಂಜು. ಎಲ್ಲಿ ಹೂ ಮುಗಿದು ಎಲ್ಲಿ ಮಂಜು ಶುರುವಾಗುತ್ತದೆ ಎಂದು ಹೇಳಲು ಬರುವಂತಿರಲಿಲ್ಲ. ಬಾಯ್ತೆರೆದು ಉಸಿರಾಡಿದರೆ ನಾಲಿಗೆಯ ಮೇಲೂ ಆ ಘಮ ಕೂರುತ್ತಿತ್ತು. ರುಕ್ಮಿಣಮ್ಮ ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದು, ಮೈಯನ್ನು ಸಣ್ಣದು ಮಾಡಿಕೊಂಡು ಓಡುತ್ತಿದ್ದರು.

"ಹೂ ಬಿಟ್ಟಾಗ ತೋಟದ ಒಳಗೆ ಕಾಲಿಡಬಾರದು ಶಬನಂ," ಎಂದರು ಪಿಸುದನಿಯಲ್ಲಿ. "ತಾಗಿದ್ರೆ ಉದುರುತ್ತೆ. ಮದುವೆಯಾಗಿ ಬಂದಾಗಿಂದ ನಾನು ಇದನ್ನ ಬೇಲಿ ಆಚೆಯಿಂದಲೇ ನೋಡಿದ್ದು."

ಕೆಳಗೆ ನೆಲ ಇದೆ ಎನ್ನುವುದೇ ಶಬನಂಗೆ ಮರೆತಂತಾಯಿತು. ಇಷ್ಟು ಮೆಲ್ಲಗೆ ಅವಳು ಎಂದೂ ಓಡಿರಲಿಲ್ಲ. ಇಷ್ಟು ಮೆಲ್ಲಗೆ ಓಡಿದರೆ ನಿದ್ದೆಯಲ್ಲಿ ಹೋದಂತೆ ಇರುತ್ತದೆ ಎಂದು ತಿಳಿದೂ ಇರಲಿಲ್ಲ.

ಇಳಿಜಾರು ಮುಗಿದಲ್ಲಿ ಒಂದು ಕಬ್ಬಿಣದ ಗೇಟು, ಗೇಟಿನ ಆಚೆ ಡಾಂಬರು ರಸ್ತೆ. ಅಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಚಂದ್ರಶೇಖರ, ನೀರು ಬೆಲ್ಲ ಇಟ್ಟುಕೊಂಡು ನಿಂತಿದ್ದವರು, ಇವರು ಯಾವ ಕಡೆಯಿಂದ ಬಂದರೆಂದು ಗಮನಿಸದೆ ಚಪ್ಪಾಳೆ ತಟ್ಟತೊಡಗಿದರು.

"ನೀವೇ ಮೊದಲು. ಇನ್ನು ಅರ್ಧ ಮೈಲಿ, ನೇರ ಹೋಗಿ. ಹಿಂದೆ ಯಾರೂ ಕಾಣ್ತಾನೇ ಇಲ್ಲ."

ಶಬನಂಗೆ ಆಗಿದ್ದೇನೆಂದು ಆ ಕ್ಷಣದಲ್ಲೇ ತಿಳಿಯಿತು. ಎಡದಾರಿ ಇಡೀ ಸುತ್ತನ್ನು ತುಂಡರಿಸಿ ಅವರನ್ನು ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿತ್ತು. ಎದುರಿಗೆ ಖಾಲಿ ರಸ್ತೆ. ಕಾಲುಗಳು ಬಿಸಿಯಾಗಿದ್ದವು. ಒಂದೇ ಒಂದು ಗಳಿಗೆ, ಆ ಖಾಲಿ ರಸ್ತೆಯನ್ನು ಅವಳು ಆಸೆಯಿಂದ ನೋಡಿದಳು.

"ನಾವು ದಾರಿ ತಪ್ಪಿ ಬಂದ್ವಿ ಸಾರ್," ಎಂದಳು. "ಸುತ್ತು ಹಾಕಿಲ್ಲ."

ರುಕ್ಮಿಣಮ್ಮ ಮೊಣಕಾಲಿಗೆ ಕೈಯೂರಿ ನಗತೊಡಗಿದರು. ನಗುತ್ತಾ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಆಮೇಲೆ ನೆರಿಗೆಯನ್ನು ಮತ್ತೆ ಸಿಕ್ಕಿಸಿಕೊಂಡು ಬಂದ ದಾರಿಯ ಕಡೆಗೇ ತಿರುಗಿದರು.

"ಎಲ್ಲಿಗೆ ಅಕ್ಕ?"

"ವಾಪಸ್ ಹೋಗಿ ಸರಿ ದಾರೀಲಿ ಬರಾಣ."

"ಎಂತಕ್ಕೆ? ಇಲ್ಲೇ ಕೂರೋಣ, ಎಲ್ಲರೂ ಹೋದ ಮೇಲೆ ಕೊನೇಲಿ ಸೇರ್ಕೊಳ್ಳೋಣ. ಯಾರೂ ಏನೂ ಅನ್ನಲ್ಲ. ಈಗ ಹತ್ತಬೇಕು, ನಿಮ್ಮ ಕೈಲಿ ಆಗಲ್ಲ."

"ಯಾರೋ ಅಂತಾರೆ ಅಂತಲ್ಲ ಮಾರಾಯ್ತಿ. ಕಳೆ ತೆಗೆಯುವಾಗ ಒಂದು ಸಾಲು ಬಿಟ್ರೆ ರಾತ್ರಿ ಅದೇ ಕಣ್ಣಿಗೆ ಬರುತ್ತೆ ನಂಗೆ. ನಿಂಗೆ ಬೇಕಾದ್ರೆ ನೀನು ಹೋಗು. ನಂಗೋಸ್ಕರ ನೀನು ಅಷ್ಟು ಮೆಲ್ಲಗೆ ಬಂದಿದ್ದು ನಂಗೆ ಗೊತ್ತು."

ಅಷ್ಟರಲ್ಲಿ ದೂರದ ತಿರುವಿನಲ್ಲಿ ರೂಪಶ್ರೀ ಕಾಣಿಸಿಕೊಂಡಳು, ಒಬ್ಬಳೇ, ಎಲ್ಲರಿಗಿಂತ ಮುಂದೆ, ಚೆನ್ನಾಗಿ ಓಡುತ್ತಾ. ಶಬನಂ ಅವಳು ಹತ್ತಿರ ಬರುವವರೆಗೂ ನಿಂತು ನೋಡಿದಳು. ಕೈಯೆತ್ತಿ ಜೋರಾಗಿ, "ಹೋಗು ಮಗಳೇ, ಹೋಗು," ಎಂದಳು. ಆಮೇಲೆ ರುಕ್ಮಿಣಮ್ಮನ ಹಿಂದೆ ಗೇಟಿನೊಳಕ್ಕೆ ಹೋದಳು.

ಹತ್ತುವಾಗ ಓಡಿದ್ದು ಕಡಿಮೆ, ನಡೆದದ್ದೇ ಹೆಚ್ಚು. ಮಂಜು ಏಳುತ್ತಿತ್ತು. ಬಿಸಿಲು ಬಿದ್ದ ಕಡೆಯಲ್ಲೆಲ್ಲ ಜೇನು ಎದ್ದಿತ್ತು, ಇಡೀ ತೋಟ ಒಂದೇ ಸಣ್ಣ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಕವಲಿಗೆ ಬಂದು ಬಲದಾರಿ ಹಿಡಿದರು. ಆ ಉದ್ದನೆಯ ಸುತ್ತಿನಲ್ಲಿ ಯಾರೂ ಇರಲಿಲ್ಲ. ಕೆರೆಯ ದಂಡೆ, ಕೂಲಿಯವರ ಲೈನ್ ಮನೆಗಳ ಹಿಂಭಾಗ, ಮೆಣಸಿನ ಬಳ್ಳಿ ಹಬ್ಬಿದ ದೊಡ್ಡ ಮರಗಳು ಒಂದೊಂದಾಗಿ ಬಂದು ಹಿಂದಾದವು. ರುಕ್ಮಿಣಮ್ಮ ಓಡಿದರು, ನಡೆದರು, ಮತ್ತೆ ಓಡಿದರು. ಒಂದು ಕಡೆ ಮಾತ್ರ ಕೈ ಚಾಚಿದರು. ಶಬನಂ ಹಿಡಿದುಕೊಂಡಳು. ಗಟ್ಟಿ, ಒರಟು ಕೈ. ಓಟದಲ್ಲಿ ಪಕ್ಕದವರ ಉಸಿರನ್ನು ಹಿಂದೆ ಬಿಡುವುದಷ್ಟೇ ಕಲಿತಿದ್ದವಳಿಗೆ, ಆ ಉಸಿರು ತನ್ನದರ ಜೊತೆ ಏರಿ ಇಳಿಯುವುದು ಕೇಳಿಸುತ್ತಾ ಹೋಯಿತು.

ಡಾಂಬರು ರಸ್ತೆಗೆ ಮರಳಿ ಬಂದಾಗ ಫಯಾಜ್ ಯಾರದೋ ಜೀಪು ತೆಗೆದುಕೊಂಡು ಹುಡುಕಲು ಬಂದಿದ್ದ. ಜೀಪು ತಿರುಗಿಸಿ ಮೆಲ್ಲಗೆ ಹಿಂದೆ ಬರತೊಡಗಿದ. ಸ್ವಲ್ಪ ದೂರ ಹೋದ ಮೇಲೆ ರುಕ್ಮಿಣಮ್ಮ ತಿರುಗಿ ನೋಡಿದರು.

"ಫಯಾಜ್, ನೀನು ಮುಂದೆ ಹೋಗಪ್ಪ. ಹಿಂದೆ ಬಂದ್ರೆ ನನ್ನನ್ನ ದೊಡ್ಡಿಗೆ ಹೊಡ್ಕೊಂಡು ಹೋದಂಗಾಗುತ್ತೆ."

ಮೈದಾನದಲ್ಲಿ ಬಹುಮಾನ ಕೊಟ್ಟು ಮುಗಿದಿತ್ತು. ಬ್ಯಾನರು ಇಳಿಸಿ ಸುತ್ತಿಟ್ಟಿದ್ದರು, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಓಟ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವ ಗುರುತು ಒಂದೂ ಉಳಿದಿರಲಿಲ್ಲ. ಹಾಗಾಗಿ ರುಕ್ಮಿಣಮ್ಮ ನಿಲ್ಲಲಿಲ್ಲ. ಕುರ್ಚಿಗಳನ್ನು ದಾಟಿ, ಉಪ್ಪಿಟ್ಟಿನ ಖಾಲಿ ಪಾತ್ರೆಗಳನ್ನು ದಾಟಿ, ಮೈದಾನದ ಆಚೆ ಬದಿಯ ರಸ್ತೆಗೂ ಇಳಿದರು. ಶಬನಂ ಜೊತೆಗಿದ್ದಳು, ಮುಗಿಯಿತೆಂದು ಹೇಳಲಿಲ್ಲ. ಸೊಸೈಟಿ ಕಟ್ಟಡದ ಹತ್ತಿರ ಬಂದಾಗ ಅವರೇ ಕೇಳಿದರು.

"ಇನ್ನೆಷ್ಟು ದೂರ?"

"ಮುಗೀತು ಅಕ್ಕ. ಆಗಲೇ, ಅಲ್ಲಿ ಹಿಂದೆ."

"ಹೌದಾ," ಎಂದು ರುಕ್ಮಿಣಮ್ಮ ನಿಂತರು. ತಿರುಗಿ ಮೈದಾನವನ್ನು ನೋಡಿದರು. ಕಟ್ಟಡದ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ, ಕಾಲ ಬೆರಳುಗಳನ್ನು ಬಿಸಿಲಿಗೆ ಚಾಚಿದರು. "ಏನೂ ಇಲ್ಲದೆ ಓಡಿದ್ರೆ ಹಗುರ ಆಗುತ್ತೆ," ಎಂದರು.

ಶಬನಂ ಮನೆಗೆ ಹೋಗಿ ಸ್ನಾನ ಮಾಡಿ, ಉಂಡು, ಅಂಗಡಿಗೆ ಬಂದಳು. ಕಳಸದ ಗುರುವಯ್ಯನವರ ಜೀಪಿನ ಟಾಪು ಅಂದು ಸಂಜೆಗೆ ಕೊಡಬೇಕಿತ್ತು, ಒಂದು ಬದಿಯ ಅಂಚು ಬಾಕಿಯಿತ್ತು. ಕ್ಯಾನ್ವಾಸನ್ನು ಮಡಿಲ ಮೇಲೆ ಎಳೆದುಕೊಂಡಳು, ಎರಡು ಗೇಣು ಹೊಲಿದಳು. ಮೆಷಿನ್ನಿನ ಸದ್ದು ಯಾವಾಗಲೋ ಜೇನಿನ ಸದ್ದಾಯಿತು. ತಲೆ ಬಟ್ಟೆಯ ಮೇಲೆ ಒರಗಿತು. ಕಣ್ಣು ಮುಚ್ಚಿದರೂ ಬಿಳಿಯ ದಾರಿ ನಿಲ್ಲದೆ ಬರುತ್ತಲೇ ಇತ್ತು.

ಗುರುವಯ್ಯನವರು ಬಂದಾಗ ಅವಳು ಹಾಗೆಯೇ ಇದ್ದಳು. ಎಬ್ಬಿಸಲು ಫಯಾಜ್ ಎದ್ದ. ಅವರು ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು, ಕತ್ತೆತ್ತಿ ಆಕಾಶ ನೋಡಿದರು.

"ಮಳೆ ಬರೋ ಹಂಗೇನಿಲ್ಲ," ಎಂದರು ಮೆತ್ತಗೆ. "ಮಲಗಲಿ ಬಿಡು. ನಾಳಿದ್ದು ಬರ್ತೀನಿ." ಟಾಪಿಲ್ಲದ ಜೀಪು ಹತ್ತಿ, ಎಂಜಿನ್ ಹಾಕದೆ ಇಳಿಜಾರಿನಲ್ಲಿ ಸದ್ದಿಲ್ಲದೆ ಬಿಟ್ಟುಕೊಂಡು ಹೋದರು.